ಗಿರಣಿ ಓಣಿಯ ಗಾಳಿ ಅಳೆದ ಶೈಲಜಾ ಮೇಡಂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರುಗಳ ಗಾಳಿಯಲ್ಲಿ ಎಷ್ಟು ಧೂಳಿದೆ, ಎಷ್ಟು ಹೊಗೆಯಿದೆ ಎಂದು ಹನ್ನೊಂದು ವರ್ಷ ಅಳೆದು, ಅಳೆದದ್ದನ್ನು ಅಳೆದಂತೆಯೇ ಬರೆದಿಟ್ಟವರು ಮಾಲಿನ್ಯ ನಿಯಂತ್ರಣ ಮಂಡಳಿಯ ಶ್ರೀಮತಿ ಶೈಲಜಾ ಅವರು. ಅವರ ನಿವೃತ್ತಿಯ ಈ ಅಭಿನಂದನ ಗ್ರಂಥಕ್ಕೆ ಲೇಖನ ಬರೆಯುವಷ್ಟು ಓದಿದವನು ನಾನಲ್ಲ. ನಾಲ್ಕನೆಯ ತರಗತಿಗೆ ಓದು ಬಿಟ್ಟು, ಸಿಂಧನೂರಿನ ಅಕ್ಕಿ ಗಿರಣಿಗಳ ಓಣಿಯಲ್ಲಿರುವ ಶಾಲೆಯನ್ನು ಇಂದಿಗೂ ಕಾಯುತ್ತಿರುವವನು. ಅವರ ಯಂತ್ರ ನಮ್ಮ ಶಾಲೆಯ ಮಾಳಿಗೆಯ ಮೇಲಿರುವುದರಿಂದ ನನಗೂ ಒಂದು ಪುಟ ಸಿಕ್ಕಿದೆ.

ಆ ಯಂತ್ರ ಗಾಳಿಯನ್ನು ಎಳೆದುಕೊಂಡು ಅದರ ಧೂಳನ್ನು ಒಂದು ಬಿಳಿ ಕಾಗದದ ಮೇಲೆ ಕೂರಿಸುತ್ತದೆ. ಕಾಗದದ ತೂಕ ಎಷ್ಟು ಹೆಚ್ಚಿತೆಂದು ನೋಡಿ ಊರಿನ ಗಾಳಿಗೆ ಉತ್ತಮ, ಸಾಧಾರಣ, ಕಳಪೆ ಎಂದು ದರ್ಜೆ ಕೊಡುತ್ತಾರೆ. ತಾವು ಬರುವ ಲಿಂಗಸುಗೂರಿನ ಬಸ್ಸು ತಡವಾದ ದಿನ ಆ ಕಾಗದವನ್ನು ತೆಗೆದು ಕವರಿನಲ್ಲಿ ಹಾಕಿಡಲು ಮೇಡಂ ನನಗೆ ಕಲಿಸಿದ್ದರು. ಅಷ್ಟು ಹೊಲಸಾದದ್ದನ್ನು ಅವರ ಕೈಗೆ ಕೊಡುವುದು ಮರ್ಯಾದೆಯಲ್ಲವೆಂದು ನಾನು ಪ್ರತಿ ಸಲ ಕಾಗದವನ್ನು ಕೊಡವಿ, ಟವೆಲ್ಲಿನ ತುದಿಯಿಂದ ಸವರಿ ಇಡುತ್ತಿದ್ದೆ. ಬಸ್ಸು ದಿನವೂ ತಡವಾಗುತ್ತಲೇ ಇದ್ದು, ಎರಡು ತಿಂಗಳು ಹೀಗೆ ನಡೆಯಿತು. ಭತ್ತದ ಸುಗ್ಗಿಯಲ್ಲಿ, ಮಕ್ಕಳು ಕೆಮ್ಮುತ್ತಾ ಪಾಠ ಕೇಳುವ ದಿನಗಳಲ್ಲಿ, ನಮ್ಮ ಓಣಿಯ ಗಾಳಿ ಉತ್ತಮವೆಂದು ಬಂತು!

ಒಂದು ದಿನ ಮೇಡಂ ಬೇಗ ಬಂದು ನೋಡಿಬಿಟ್ಟರು.

"ಏನ್ ಮಾಡಾಕತ್ತೀರಿ, ಉಸ್ಮಾನ್‌ಸಾಬ್?"

"ಧೂಳ ಝಾಡಿಸಾಕತ್ತೀನ್ರೀ ಮೇಡಂ. ಹೊಲಸ ಕಾಗದ ನಿಮ್ಮ ಕೈಯಾಗ ಹೆಂಗ ಕೊಡ್ಲಿ?"

ಅವರು ಅಲ್ಲೇ ಕುಳಿತುಬಿಟ್ಟರು. ಆಮೇಲೆ ನಕ್ಕರು. "ಅಣ್ಣಾರ, ಆ ಹೊಲಸ ನೋಡಾಕಽ ನನಗ ಪಗಾರ ಕೊಡ್ತಾರ್ರೀ!"

ನನ್ನ ಹೆಸರನ್ನು ಅವರು ಎಲ್ಲಿಯೂ ಬರೆಯಲಿಲ್ಲ. ಎರಡು ತಿಂಗಳ ಅಳತೆ ಸುಳ್ಳು, ತಪ್ಪು ತಮ್ಮದು ಎಂದು ಬರೆದು ಕಳಿಸಿ, ನೋಟಿಸನ್ನು ತಾವೇ ತೆಗೆದುಕೊಂಡರು. ಆ ಉಪಕಾರ ಮರೆಯುವಂಥದ್ದಲ್ಲ.

ಮರೆಯಲಾಗದ್ದು ಇನ್ನೊಂದೂ ಇದೆ. ವಿಚಾರಣೆಗೆ ಬಂದ ಮೇಲಧಿಕಾರಿಗೆ ಧೂಳು ಕೊಡವಿದವನು ನಾನೆಂದು ನಾನೇ ಹೇಳಿದೆ. ಅವರು ನನ್ನನ್ನು ಬದಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, "ಯಜಮಾನಾ, ನೀ ಮಾಡಿದ್ದಽ ಛಲೋ ಐತಿ. ಹಂಗಽ ಝಾಡಿಸ್ಕೋತ ಇರು. ಊರಿನ ಹೆಸರು ಉಳೀತೈತಿ" ಎಂದರು. ನಾನು ತಿಳಿಯದೆ ಮಾಡಿದ್ದನ್ನು ಅವರು ತಿಳಿದು ಮಾಡಿಸಲು ನಿಂತರು. ನಾನು ಆ ಮಾತನ್ನು ಮೇಡಂ ಅವರಿಗೆ ಹೇಳಿದೆ. ಅಂದಿನಿಂದ ಬಸ್ಸು ಬರಲಿ ಬಿಡಲಿ, ಕಾಗದ ತೆಗೆಯುವ ಹೊತ್ತಿಗೆ ಅವರೇ ಮಾಳಿಗೆ ಹತ್ತುತ್ತಿದ್ದರು. ಒಮ್ಮೆ ಮಸ್ಕಿಯಿಂದ ಭತ್ತದ ಲಾರಿಯಲ್ಲಿ ಕುಳಿತು ಬಂದರು. ನಮ್ಮ ಗಾಳಿ ಕಳಪೆಯೆಂದು ದಾಖಲಾಯಿತು. ಅವರಿಗೆ ಬಡ್ತಿ ತಪ್ಪಿತು. ಗಿರಣಿಯಲ್ಲಿ ತೌಡು ಗುಡಿಸಿ ಎದೆ ಕೆಡಿಸಿಕೊಂಡ ನನ್ನ ಹೆಂಡತಿ ಸುಭಾನಬಿ, "ನಾ ಕೆಮ್ಮಿದ್ದು ಖರೇ ಅಂತ ಬರದಾಕಿ ಆಕಿ ಒಬ್ಬಾಕೀನಽ" ಎನ್ನುತ್ತಾಳೆ.

ಅದೇ ಅಧಿಕಾರಿ ಈಗ ಈ ಅಭಿನಂದನ ಸಮಿತಿಯ ಗೌರವಾಧ್ಯಕ್ಷರು! "ಸಿಟ್ಟಿನ ಮಾತು ಬ್ಯಾಡ, ಛಲೋ ಛಲೋದು ಬರಿ" ಎಂದು ನನಗೆ ಹೇಳಿ ಕಳಿಸಿದ್ದಾರೆ. ಅವರದೇ ಸಹಿಯ ಆದೇಶವೂ ಬಂದಿದೆ: ಮೇಡಂ ನಿವೃತ್ತರಾದ ಮರುದಿನವೇ ಯಂತ್ರವನ್ನು ನಮ್ಮ ಮಾಳಿಗೆಯಿಂದ ಇಳಿಸಿ, ಕೆರೆ ದಂಡೆಯ ಉದ್ಯಾನಕ್ಕೆ ಒಯ್ಯಬೇಕಂತೆ. ಅಲ್ಲಿ ಗಾಳಿ ಉತ್ತಮವಾಗಿಯೇ ಇರುತ್ತದೆ. ಮುನ್ನೂರು ಮಕ್ಕಳು ಓದುವುದು ಇಲ್ಲಿ.

ಶಾಲು ಹೊದಿಸಲಿ, ಹಾರ ಹಾಕಲಿ. ಮೇಡಂ ಅದಕ್ಕೆ ಯೋಗ್ಯರು. ಅವರು ನೂರು ವರ್ಷ ಬಾಳಲಿ, ಬಾಳುವಷ್ಟು ದಿನವೂ ಅವರ ಕೈ ಖರೇ ಬರೆಯುತ್ತಿರಲಿ ಎಂದು ನಾನೂ ಸುಭಾನಬಿಯೂ ದುವಾ ಮಾಡುತ್ತೇವೆ. ಯಂತ್ರ ಒಯ್ಯಲು ಬರುವವರಿಗೆ ಮಾತ್ರ ಈಗಲೇ ತಿಳಿಸಿರುತ್ತೇನೆ: ಮಾಳಿಗೆಯ ಬಾಗಿಲಿಗೆ ಬೀಗ ಹಾಕಿದ್ದೇನೆ. ಕೀಲಿ ಕೊಡುವುದಿಲ್ಲ.