ಅಜ್ಜಿ ನಡೆದು ಗೆಲ್ಲಿಸಿದ ಹಿಮದೋಟ

ತಮಿಳು ಸೀಮೆಯ ವೇಲಚೇರಿಯ ನಮ್ಮ ಮನೆಯಲ್ಲಿ ಆಗ ಇದ್ದದ್ದು ಒಂದೇ ಟೀವಿ. ರಿಮೋಟ್ ಯಾರ ಕೈಲೋ ಅವರದೇ ದರ್ಬಾರು. ಆ ವರ್ಷ ದರ್ಬಾರು ಅಜ್ಜಿಯದು, ಯಾಕೆಂದರೆ ಮಂಡಿ ಆಪರೇಷನ್ ಆಗಿ ಅವಳು ಬಚ್ಚಲಿಗೆ ಹೋಗುವುದು ಬಿಟ್ಟರೆ ಸೋಫಾದಿಂದ ಏಳುತ್ತಲೇ ಇರಲಿಲ್ಲ. ನಡೆಯದಿದ್ದರೆ ಕಾಲು ಬಿಗಿದುಕೊಂಡುಬಿಡುತ್ತೆ ಅಂತ ಡಾಕ್ಟರು ಎಚ್ಚರಿಸಿದ್ದರು. ಅಮ್ಮ ಗೋಗರೆದಳು, ಅಪ್ಪ ರೇಗಿದರು. ಜಪ್ಪಯ್ಯ ಅಂದರೂ ಅಜ್ಜಿ ಜಗ್ಗಲಿಲ್ಲ. ಅವಳಿಗೆ ಬಿದ್ದುಬಿಡುವ ಭಯ, ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಸಂಜೆ ಚಾನೆಲ್ ತಿರುಗಿಸುವಾಗ ನಾರ್ವೆಯ ಒಬ್ಬ ಹುಡುಗಿ ಸಿಕ್ಕಳು. ಪಾದಕ್ಕೆ ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡು ಕೋಲೂರುತ್ತಾ ಹಿಮದ ಮೇಲೆ ಮೈಲಿಗಟ್ಟಲೆ ಓಡುವ ಸ್ಕೀಯಿಂಗ್ ಆಟಗಾರ್ತಿ. ಹೆಸರು ಹೇಳಲು ನಾಲಿಗೆ ಹೊರಳದೆ ಅಜ್ಜಿ ಅವಳನ್ನು ಕೆಂಪು ಟೋಪಿ ಅಂದಳು. ವರ್ಷಗಟ್ಟಲೆಯಿಂದ ಓಡುತ್ತಿದ್ದಾಳಂತೆ, ಎರಡನೇ ಸ್ಥಾನ ಬೇಕಾದಷ್ಟು ಸಲ, ದೊಡ್ಡ ಪಂದ್ಯದಲ್ಲಿ ಮೊದಲ ಸ್ಥಾನ ಮಾತ್ರ ಒಮ್ಮೆಯೂ ಇಲ್ಲ. ನಡುವೆ ಭುಜ ಮುರಿದು, ಮತ್ತೆ ಬಂದವಳು. ಇದೇ ಅವಳ ಕೊನೆಯ ವರ್ಷ ಅಂತ ಟೀವಿಯಲ್ಲಿ ಹೇಳಿದಾಗ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ತಲೆಮೇಲೆ ಗಿರಗಿರ ಫ್ಯಾನು, ಹಜಾರದ ತುಂಬ ನೋವಿನೆಣ್ಣೆಯ ವಾಸನೆ. ನಾವಿಬ್ಬರೂ ಚಕ್ಕುಲಿ ಕಡಿಯುತ್ತಾ ಹಿಮ ನೋಡುತ್ತಿದ್ದೆವು.

ಒಮ್ಮೆ ಅಜ್ಜಿ ವಾಕರ್ ಹಿಡಿದು ಬಚ್ಚಲಿಗೆಂದು ಎದ್ದಳು, ಅದೇ ಹೊತ್ತಿಗೆ ಕೆಂಪು ಟೋಪಿ ಮುಗ್ಗರಿಸಿದಳು. ಮುಗೀತು. ಕ್ರಿಕೆಟ್ ನೋಡುವಾಗ ಕೂತ ಜಾಗ ಬಿಡಬಾರದಲ್ಲ, ಆ ಕಾನೂನು ಇಲ್ಲಿಗೂ ಬಂತು. ಇನ್ನು ನಡೆ ಅಂದವರಿಗೆಲ್ಲ ಒಂದೇ ಉತ್ತರ: ನಾನೆದ್ದರೆ ಆ ಹುಡುಗಿ ಬೀಳ್ತಾಳೆ.

ಕೊನೆಯ ಓಟದ ಸಂಜೆ ಮನೆಯಲ್ಲಿ ನಾವಿಬ್ಬರೇ. ಅಜ್ಜಿ ಅಲುಗಾಡದೆ ಕೂತಿದ್ದರೂ ಕೆಂಪು ಟೋಪಿ ಹಿಂದೆ ಬೀಳುತ್ತಲೇ ಇದ್ದಳು. ನಾನು ಅವಳ ವಾಕರ್ ತಂದು ಮುಂದೆ ನಿಲ್ಲಿಸಿದೆ.

"ಅಜ್ಜಿ, ಕೂತು ನೋಡಿದ್ದಾಯ್ತು. ಎದ್ದಾದ್ರೂ ನೋಡೋಣ, ಪ್ಲೀಸ್."

ಅಜ್ಜಿ ನನ್ನನ್ನೊಮ್ಮೆ, ಟೀವಿಯನ್ನೊಮ್ಮೆ ನೋಡಿ ಎದ್ದಳು. ಒಂದು ಹೆಜ್ಜೆ ಇಟ್ಟಳು. ಅಲ್ಲಿ ಕೆಂಪು ಟೋಪಿ ಒಬ್ಬಳನ್ನು ದಾಟಿದಳು! ಅಜ್ಜಿ ಬಾಲ್ಕನಿ ಮುಟ್ಟುವಷ್ಟರಲ್ಲಿ ಇನ್ನೊಬ್ಬಳು ಹಿಂದಾದಳು. ಅಜ್ಜಿ ಸುಸ್ತಾಗಿ ನಿಂತಳೋ, ಅಲ್ಲಿ ಮುಂದಿನವಳ ಜೊತೆಗಿನ ಅಂತರ ಮತ್ತೆ ಬೆಳೆಯಿತು. ನಾನು ತಮಿಳು, ಕನ್ನಡ ಕಲಸಿ, ನಿಲ್ಲಬೇಡ ನಡಿ ಅಂತ ಕಿರುಚುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ವಾಕರ್ ಸಿಕ್ಕಿಕೊಂಡಾಗ ಅಜ್ಜಿ ಅದನ್ನು ತಳ್ಳಿ ಗೋಡೆ ಹಿಡಿದಳು. ಆಮೇಲೆ ಗೋಡೆಯನ್ನೂ ಬಿಟ್ಟಳು. ಕೆಂಪು ಟೋಪಿ ಕಾಲು ಮುಂದೆ ಚಾಚಿ ಎಲ್ಲರಿಗಿಂತ ಮೊದಲು ಗೆರೆ ದಾಟಿದಳು.

"ಅಬ್ಬಾ, ಇವಳನ್ನ ಗೆಲ್ಲಿಸೋಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂತು ಕಣೇ" ಅಂದಳು ಅಜ್ಜಿ, ನಡುಹಜಾರದಲ್ಲಿ ಬರಿಗೈಲಿ ನಿಂತು.

ಆಮೇಲೆ ಎಷ್ಟೋ ವರ್ಷ ಅವಳು ದಿನಾ ರೈಲ್ವೆ ಸ್ಟೇಷನ್‌ವರೆಗೆ ನಡೆದು, ಹೂವಾಡಗಿತ್ತಿಯ ಜೊತೆ ಹರಕು ತಮಿಳಲ್ಲಿ ಚೌಕಾಶಿ ಮಾಡಿ ಬರುತ್ತಿದ್ದಳು. ಈಗ ಅಜ್ಜಿ ಇಲ್ಲ. ಓಟಗಳೆಲ್ಲ ನನ್ನ ಫೋನಿನಲ್ಲೇ ಸಿಗುತ್ತವೆ, ಯಾರು ಯಾಕೆ ಗೆದ್ದರು ಅಂತ ಬಿಡಿಸಿ ಹೇಳುವವರೂ ಇದ್ದಾರೆ. ಅವರು ಹೇಳುವುದೆಲ್ಲ ನಿಜವೇ. ಆದರೆ ಇಲ್ಲಿ ನಾವೊಂದು ಹೆಜ್ಜೆ ಇಟ್ಟರೆ ಎಲ್ಲೋ ಹಿಮದಲ್ಲಿ ಒಬ್ಬಳು ಗೆಲ್ಲುತ್ತಾಳೆ ಅಂತ ನಂಬುವುದಕ್ಕೆ ಇಬ್ಬರು ಬೇಕು.