ಕ್ಲಚ್ಚಮ್ಮನ ಅಂಗಳದಲ್ಲಿ ಕೆಟ್ಟು ನಿಂತ ಮನೆ

ಮನುಷ್ಯರಲ್ಲಿ ಎರಡೇ ಜಾತಿ ಎಂದು ಕ್ಲಚ್ಚಮ್ಮ ನಂಬಿದ್ದಳು. ಎಡಗಾಲನ್ನು ಕ್ಲಚ್ ಪೆಡಲಿನ ಮೇಲೆ ಊರಿಕೊಂಡೇ ಗಾಡಿ ಓಡಿಸುವವರು ಒಂದು ಜಾತಿ. ಹಾಗೆ ಓಡಿಸಿಯೂ ಇಲ್ಲವೆನ್ನುವವರು ಇನ್ನೊಂದು. ಮೂವತ್ತೊಂದು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿ ಲೋಕವನ್ನು ನೋಡಿದವಳಿಗೆ ಮೂರನೆಯ ಜಾತಿ ಕಣ್ಣಿಗೆ ಬಿದ್ದಿರಲಿಲ್ಲ.

ಹೆಸರು ಅವಳೇ ಇಟ್ಟುಕೊಂಡದ್ದಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಅಪ್ಪನ ಶೆಡ್ಡಿನಲ್ಲಿ ಒಬ್ಬಳೇ ಲಾರಿಯ ಗೇರ್‌ಬಾಕ್ಸ್ ಇಳಿಸಿದಾಗ, ಸಾಲು ಅಂಗಡಿಗಳ ಮೆಕ್ಯಾನಿಕ್ಕುಗಳು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಾ ಕಟ್ಟಿದ ಹೆಸರು ಅದು. ಅವರಲ್ಲಿ ಅರ್ಧ ಜನ ಈಗ ಅಂಗಡಿ ಮುಚ್ಚಿ ಮನೆ ಸೇರಿದ್ದರು. ಉಳಿದರ್ಧ ಜನ ಕೈಗೆ ಹತ್ತದ ಕೆಲಸ ಬಂದರೆ ಮರ್ಯಾದೆ ನುಂಗಿಕೊಂಡು ಅವಳ ಹತ್ತಿರವೇ ಕಳಿಸುತ್ತಿದ್ದರು. ಅಪ್ಪ ಹೋದಮೇಲೆ ಶೆಡ್ಡು ಅಕ್ಕ ತಮ್ಮ ಇಬ್ಬರದೂ ಆಯಿತು. ತಮ್ಮ ಗಾಜಿನ ಕೋಣೆಯಲ್ಲಿ ಕೂತು ಫೋನು ಎತ್ತುತ್ತಿದ್ದ, ಗಿರಾಕಿಗಳ ಮುಖ ನೋಡಿ ನಗುತ್ತಿದ್ದ. ಗಿರಾಕಿಗಳ ಮುಖ ನೋಡಿ ನಗುವುದು ಅವಳಿಂದ ಆಗದ ಕೆಲಸ.

ಮದುವೆಯೂ ಆಗಿತ್ತು. ಗಂಡ ಒಳ್ಳೆಯವನೇ, ಆದರೆ ಗಾಡಿ ಓಡಿಸುವಾಗ ಗೇರಿನ ಗುಂಡಿನ ಮೇಲಿಟ್ಟ ಕೈಯನ್ನು ತೆಗೆಯುತ್ತಿರಲಿಲ್ಲ. ಅದರ ಭಾರಕ್ಕೆ ಒಳಗೆ ಗೇರು ಸರಿಸುವ ಫೋರ್ಕು ಸವೆಯುತ್ತದೆ ಎಂದು ಅವಳು ಹೇಳಿದಳು, ಬಿಡಿಸಿ ಹೇಳಿದಳು, ಚಿತ್ರ ಬರೆದು ತೋರಿಸಿದಳು. ಎರಡು ವರ್ಷ ತುಂಬುವಷ್ಟರಲ್ಲಿ ಗೇರ್‌ಬಾಕ್ಸೂ ಕೆಟ್ಟಿತು, ಸಂಸಾರವೂ ಕೆಟ್ಟಿತು. ಗೇರ್‌ಬಾಕ್ಸನ್ನು ರಿಪೇರಿ ಮಾಡಿದಳು.

ಇಂಥವಳ ಅಂಗಳಕ್ಕೆ ಒಂದು ಬೆಳಗ್ಗೆ ಕ್ರೇನ್ ಗಾಡಿಯೊಂದು ಮೋಟರ್‌ಹೋಮನ್ನು ಎಳೆದು ತಂದು ಬಿಟ್ಟಿತು. ಒಂದು ಸಣ್ಣ ಬಸ್ಸಿನಷ್ಟು ಉದ್ದ. ಒಳಗೆ ಫ್ರಿಜ್ಜು, ಒಲೆ, ಮಡಚುವ ಮಂಚ, ಬಚ್ಚಲು, ಕಕ್ಕಸು, ಹನ್ನೊಂದು ಕಪಾಟು. ಬೆನ್ನಿಗೆ ಎರಡು ಸೈಕಲ್ಲು. ನೆತ್ತಿಯ ಮೇಲೆ ಒಂದು ರಬ್ಬರ್ ದೋಣಿ. ಇಷ್ಟೆಲ್ಲಾ ಹೊತ್ತ ಗಾಡಿಯ ಪಕ್ಕೆಯಲ್ಲಿ ಒಂದು ಮೊಳ ಎತ್ತರದ ಹಸಿರು ಅಕ್ಷರಗಳಲ್ಲಿ ‘ಕಡಿಮೆಯೇ ಸಾಕು’ ಎಂದು ಬರೆದಿತ್ತು. ಕೋಲಿನ ತುದಿಗೆ ಫೋನು ಸಿಕ್ಕಿಸಿಕೊಂಡು ಒಬ್ಬ ಇಳಿದ. ಅವನ ಹಿಂದೆ, ಕೈಯಲ್ಲಿ ಚಪ್ಪಲಿ ಹಿಡಿದು, ಅವನ ಹೆಂಡತಿ ಇಳಿದಳು. ಆತ ಸರಳ ಜೀವನದ ಬಗ್ಗೆ ವಿಡಿಯೋ ಮಾಡಿ ಜನರಿಗೆ ಬುದ್ಧಿ ಹೇಳುವವನು. ಕ್ರೇನಿನವನು ಇಷ್ಟನ್ನು ಪಿಸುಗುಟ್ಟಿದ್ದೇ ತಡ, ಕ್ಲಚ್ಚಮ್ಮ ಅವನಿಗೆ ಸರಳಪ್ಪ ಎಂದು ನಾಮಕರಣ ಮಾಡಿ ಮುಗಿಸಿದಳು.

"ನೋಡಮ್ಮಾ, ಹದಿನಾಲ್ಕು ಸಾವಿರ ಕಿಲೋಮೀಟರ್ ಹೂವಿನ ಹಾಗೆ ಓಡಿಸಿದೀನಿ. ನಿನ್ನೆ ದಿಬ್ಬದ ಮೇಲೆ ಎಂಜಿನ್ ಕೂಗ್ತಾ ಇದೆ, ಗಾಡಿ ಮುಂದೆ ಹೋಗ್ತಿಲ್ಲ. ಏನೋ ಸಣ್ಣದಿರ್ಬೇಕು."

ಅವಳು ಚಾಲಕನ ಬಾಗಿಲು ತೆಗೆದು ಮೂಗು ಒಳಗೆ ತೂರಿಸಿದಳು. ಕೂದಲೂ ಕಾಗದವೂ ಒಟ್ಟಿಗೆ ಸುಟ್ಟಂಥ ವಾಸನೆ. ಹತ್ತಿ ಕೂತು, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಳು. ಎಂಜಿನ್ ಜರ್ಕು ಹೊಡೆದು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಏನೂ ಆಗದವರ ಹಾಗೆ ಗುರುಗುಟ್ಟುತ್ತಲೇ ಇತ್ತು.

"ಕ್ಲಚ್ಚು ಪೂರ್ತಿ ತಿಂದು ಹಾಕಿದೀರಿ, ಸ್ವಾಮಿ. ಎಂಬತ್ತಾರು ಸಾವಿರ ಆಗುತ್ತೆ."

"ಎಂಬತ್ತಾರು! ಒಂದು ಕ್ಲಚ್ ತಟ್ಟೆಗೆ?"

"ತಟ್ಟೆ, ಅದನ್ನ ಒತ್ತೋ ಪ್ಲೇಟು, ಬೇರಿಂಗು ಸೇರಿ ಇಪ್ಪತ್ತೆಂಟು. ಈ ವಾಸನೆಗೆ ಹಿಂದಿರೋ ಫ್ಲೈವೀಲೂ ಬೆಂದು ನೀಲಿ ಆಗಿರುತ್ತೆ. ಅದಕ್ಕೆ ಇಪ್ಪತ್ತಾರು. ಉಳಿದದ್ದು ಕೂಲಿ. ಹದಿನಾರು ಗಂಟೆ, ಗಂಟೆಗೆ ಎರಡು ಸಾವಿರ."

"ಬೇರೆ ಗಾಡಿಗಾದ್ರೆ ಆರು ಗಂಟೆ ಅಂತಾರೆ!"

"ಬೇರೆ ಗಾಡಿ ಕೆಳಗೆ ಕಕ್ಕಸು ಇರಲ್ಲ. ನಿಮ್ಮ ಗೇರ್‌ಬಾಕ್ಸ್ ಮುಟ್ಟೋ ಮೊದಲು ಬಚ್ಚಲ ಟ್ಯಾಂಕು ಇಳಿಸ್ಬೇಕು, ಕೊಳಕಿನ ಟ್ಯಾಂಕು ಇಳಿಸ್ಬೇಕು, ನಾಲ್ಕು ಪೈಪು ಬಿಚ್ಬೇಕು. ಆಮೇಲೆ ಎಲ್ಲಾ ವಾಪಸ್ಸು ಕಟ್ಬೇಕು. ಮನೆ ಹೊತ್ಕೊಂಡು ತಿರುಗೋರು ಮನೆ ಬಿಚ್ಚೋ ಕೂಲೀನೂ ಕೊಡ್ಬೇಕಲ್ವಾ?"

ಸರಳಪ್ಪ ದನಿ ಇಳಿಸಿದ. "ನನ್ನನ್ನ ನಾಲ್ಕು ಸಾವಿರ ಜನ ನೋಡ್ತಾರಮ್ಮಾ. ನಿಮ್ಮ ಶೆಡ್ಡಿನ ಬಗ್ಗೆ ಎರಡು ಮಾತು ಹೇಳ್ತೀನಿ, ಅರ್ಧಕ್ಕೆ ಮಾಡ್ಕೊಡಿ."

"ನೋಡ್ಲಿ ಬಿಡಿ, ಪಾಪ," ಎಂದು ಅವಳು ಪಕ್ಕದಲ್ಲಿ ರಿಪೇರಿಗೆ ನಿಂತಿದ್ದ ಲಾರಿಯ ಕೆಳಗೆ ನುಸುಳಿದಳು.

ಯೋಚನೆ ಮಾಡಿ ಹೇಳುತ್ತೇನೆಂದ. ಆದರೆ ಯೋಚನೆ ಮಾಡಲು ಮನೆಗೆ ಹೋಗೋಣವೆಂದರೆ ಮನೆಯೇ ಅಂಗಳದಲ್ಲಿ ಕೆಟ್ಟು ನಿಂತಿದೆ. ಸಿಹಿ ನಾಲಿಗೆಯ ತಮ್ಮ "ಇರ್ಲಿ ಸಾರ್, ನಿಮ್ಮದೇ ಜಾಗ" ಅಂದುಬಿಟ್ಟ. ಅಂದದ್ದೇ ತಪ್ಪಾಯಿತು. ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಪ್ಲಗ್ಗಿನಿಂದ ಮೋಟರ್‌ಹೋಮಿಗೆ ವೈರು ಹರಿದಿತ್ತು, ಪಕ್ಕದ ನೆರಳುಬಟ್ಟೆ ಬಿಚ್ಚಿಕೊಂಡಿತ್ತು, ಮಡಚುವ ಕುರ್ಚಿಯಲ್ಲಿ ಸರಳಪ್ಪ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಹೆಂಡತಿ ಎರಡು ಹಳೇ ಆ್ಯಕ್ಸಲ್ಲುಗಳ ನಡುವೆ ಹಗ್ಗ ಕಟ್ಟಿ ಅವನ ಒಳಬನಿಯನ್ನುಗಳನ್ನು ಒಣಹಾಕಿದಳು. ದಿನಾ ಬೆಳಗ್ಗೆ ಆತ ಊರೂರಿನ ಗ್ಯಾರೇಜುಗಳಿಗೆ ಫೋನು ಮಾಡಿ, ಕ್ಲಚ್ಚಮ್ಮನಿಗೆ ಕೇಳಲೆಂದೇ ಗಟ್ಟಿಯಾಗಿ ರೇಟು ವಿಚಾರಿಸುತ್ತಿದ್ದ. ಎಪ್ಪತ್ತಕ್ಕೆ ಮಾಡುತ್ತೇವೆಂದವರು ಗಾಡಿ ಯಾವುದೆಂದು ಕೇಳಿ ತೊಂಬತ್ತಕ್ಕೆ ಏರುತ್ತಿದ್ದರು. ಆ ಭಾಗ ಬಂದಾಗ ಅವನ ದನಿ ಸಣ್ಣದಾಗುತ್ತಿತ್ತು. ಕೆಲಸ ಮುಗಿದ ಮೇಲೆ ಬೇಕೆಂದೇ ಶೆಡ್ಡಿನ ಮುಂದೆ ಹತ್ತು ನಿಮಿಷ ನಿಂತು ಕೈ ಒರೆಸಿಕೊಳ್ಳುವುದು ಅವಳ ರೂಢಿಯಾಯಿತು. ಗಾಡಿ ಓಡಿಸಲು ಬಾರದವನೆಂದು ಎರಡು ಮಾತು ಬೈದು, ಅವನನ್ನು ನೋಡುತ್ತಿದ್ದಳು. ಗೋಡೆಗೆ ಬೆಳೆದ ಅಣಬೆಯನ್ನು ನೋಡುವ ಹಾಗೆ.

ಒಂಬತ್ತನೆಯ ದಿನ ತಮ್ಮ ಮುಖ ಬೆಳ್ಳಗೆ ಮಾಡಿಕೊಂಡು ಓಡಿಬಂದ. ಸರಳಪ್ಪ ಹೊಸ ವಿಡಿಯೋ ಹಾಕಿದ್ದ. ‘ತಟ್ಟೆಯೊಂದಕ್ಕೆ ಎಂಬತ್ತಾರು ಸಾವಿರ: ಹಗಲುದರೋಡೆ’ ಎಂದು ತಲೆಬರಹ. ಅದರಲ್ಲಿ ಗಾಡಿಯ ಕೆಳಗಿಂದ ಚಾಚಿಕೊಂಡಿದ್ದ ಕ್ಲಚ್ಚಮ್ಮನ ಎರಡು ಕಾಲು.

"ಅಕ್ಕಾ, ಮಾನ ಹೋಯ್ತಲ್ಲೇ."

"ಯಾರದು?" ಎಂದಳು. ಸ್ಪ್ಯಾನರುಗಳ ಪೆಟ್ಟಿಗೆಯನ್ನು ಎತ್ತಿಕೊಂಡು ಸೀದಾ ನೆರಳುಬಟ್ಟೆಯ ಕೆಳಗೆ ಹೋಗಿ ಅವನ ಕಾಲ ಬುಡದಲ್ಲಿ ದಡಾರನೆ ಇಟ್ಟಳು. "ತಗೊಳ್ಳಿ ಸ್ವಾಮಿ. ಕೂಲಿ ಮೂವತ್ತೆರಡು ಸಾವಿರ ನಿಮಗೇ ಉಳೀಲಿ. ಜಾಗ ನಂದು, ಜ್ಯಾಕು ನಂದು, ಕೈ ಮಾತ್ರ ನಿಮ್ದು. ಬಿಚ್ಚಿ."

ಸಾಲು ಅಂಗಡಿಗಳವರು ಅಷ್ಟು ಹೊತ್ತಿಗೆ ಒಬ್ಬೊಬ್ಬರಾಗಿ ಅಂಗಳದ ಅಂಚಿಗೆ ಬಂದು ನಿಂತಿದ್ದರು. ಬೇಡವೆಂದರೆ ನಾಲ್ಕು ಸಾವಿರ ಜನಕ್ಕೆ ಮುಖ ತೋರಿಸುವುದು ಹೇಗೆ? ಸರಳಪ್ಪ ಅಂಗಿಯ ತೋಳು ಮಡಚಿ, ಹೆಂಡತಿಯ ಕೈಗೆ ಫೋನಿನ ಕೋಲು ಕೊಟ್ಟು, "ಚೆನ್ನಾಗಿ ಬರೋ ಹಾಗೆ ಹಿಡ್ಕೋ" ಎಂದು ಹೇಳಿ ಕೆಳಗೆ ತೂರಿದ.

"ಮೊದಲು ಕೊಳಕಿನ ಟ್ಯಾಂಕು ಖಾಲಿ ಮಾಡಿದೀರಾ?" ಎಂದು ಕ್ಲಚ್ಚಮ್ಮ ಕೇಳಿದಳು. ಅವಳು ಕೇಳಿದ್ದನ್ನು ಇಡೀ ಸಾಲೇ ಕೇಳಿಸಿಕೊಂಡಿದೆ.

"ಅದೆಲ್ಲಾ ಗೊತ್ತಮ್ಮಾ ನಂಗೆ!"

ಗೊತ್ತಿರಲಿಲ್ಲ. ಮೂರನೇ ಬೋಲ್ಟು ಕಳಚುತ್ತಲೇ ಟ್ಯಾಂಕು ಒಂದು ಕಡೆಗೆ ವಾಲಿತು, ಪೈಪು ಕಿತ್ತುಕೊಂಡಿತು, ಒಂಬತ್ತು ದಿನದ ಸರಳ ಜೀವನ ಸರಳಪ್ಪನ ಎದೆಯ ಮೇಲೆ ಇಳಿಯಿತು. ಜನ ಮೂಗು ಮುಚ್ಚಿಕೊಂಡು ಚದುರಿದರು. ನಗಲೂ ಬಾಯಿ ತೆರೆಯಲಾಗದ ಪರಿಸ್ಥಿತಿ. ಕ್ಲಚ್ಚಮ್ಮ ನಗಲಿಲ್ಲ. ನೀರಿನ ಪೈಪು ತಂದು ಅವನ ಕಡೆಗೆ ಹಿಡಿದು, ಗೋಡೆಯ ಗಡಿಯಾರ ನೋಡಿದಳು.

"ಹತ್ತು ನಿಮಿಷ ಆಯ್ತು ಸ್ವಾಮಿ. ಇನ್ನು ಹದಿನೈದು ಗಂಟೆ ಐವತ್ತು ನಿಮಿಷ ಇದೆ. ಮುಂದುವರಿಸ್ತೀರಾ?"

ಅವತ್ತು ಸಂಜೆಯೇ ಆತ ಎಂಬತ್ತಾರಕ್ಕೆ ಒಪ್ಪಿಕೊಂಡ. ಹಾಕಿದ್ದ ವಿಡಿಯೋ ಕೂಡ ಅಳಿಸಿಹಾಕಿದ.

ಬಿಡಿಭಾಗ ಬರಲು ಒಂದು ವಾರ ಹಿಡಿಯಿತು. ಬಂದ ದಿನ ಅವಳು ಗೇರ್‌ಬಾಕ್ಸ್ ಇಳಿಸಿದಳು. ತಟ್ಟೆಯ ಮೇಲಿನ ಪದರ ರಿವೆಟ್ಟಿನ ತಲೆ ಕಾಣುವಷ್ಟು ಸವೆದಿತ್ತು, ಹಿಂದಿನ ಫ್ಲೈವೀಲು ಅವಳು ಹೇಳಿದಂತೆಯೇ ನೀಲಿಗಟ್ಟಿತ್ತು. ಸರಳಪ್ಪ ಪೇಟೆಗೆ ಹೋಗಿದ್ದ. ಹೆಂಡತಿ ಒಬ್ಬಳೇ ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಕ್ಲಚ್ಚಮ್ಮನಿಗೆ ಆ ತಟ್ಟೆಯನ್ನು ಯಾರಿಗಾದರೂ ತೋರಿಸದೆ ತಡೆಯಲಾಗಲಿಲ್ಲ.

"ನೋಡಮ್ಮಾ, ನಿಮ್ಮ ಯಜಮಾನ್ರ ಜಾತಕ. ಪುಕ್ಕಲು ಕಾಲು. ಮುಂದೆ ಹೋಗೋ ಧೈರ್ಯ ಇಲ್ಲ, ನಿಲ್ಲಿಸೋ ಬುದ್ಧಿ ಇಲ್ಲ. ಹದಿನಾಲ್ಕು ಸಾವಿರ ಕಿಲೋಮೀಟರೂ ಪೆಡಲಿನ ಮೇಲೇ ಜೋತುಬಿದ್ದಿದೆ. ಇಂಥ ಕಾಲಿಗೆ ಲೈಸೆನ್ಸ್ ಕೊಟ್ಟೋನು ಯಾರೋ!"

ಹೆಂಡತಿ ತಟ್ಟೆಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನನ್ನ ಕಾಲು, ಅಕ್ಕಾ."

"ಏನು?"

"ಅವರಿಗೆ ಲೈಸೆನ್ಸೇ ಇಲ್ಲ. ದೊಡ್ಡ ಗಾಡಿ ಪರೀಕ್ಷೇಲಿ ಮೂರು ಸಲ ಫೇಲು. ನಿಲ್ಲಿಸಿದ ಗಾಡೀಲಿ ಕೂತು ವಿಡಿಯೋ ಮಾಡ್ಕೋತಾರೆ, ಆಮೇಲೆ ಇಳೀತಾರೆ. ಓಡಿಸೋದು ನಾನೇ. ನಂಗೂ ಯಾರೂ ಸರಿಯಾಗಿ ಕಲಿಸಿಲ್ಲ. ದಿಬ್ಬ ಬಂದ್ರೆ ಪಕ್ಕದಲ್ಲಿ ಕೂತು ‘ಹಿಂದೆ ಹೋಯ್ತು, ಹಿಂದೆ ಹೋಯ್ತು’ ಅಂತ ಕಿರುಚ್ತಾರೆ. ಹೆದರಿ ಕಾಲು ಅಲ್ಲೇ ಇಟ್ಕೊಂಡ್ಬಿಡ್ತೀನಿ."

ಕ್ಲಚ್ಚಮ್ಮ ಅಲ್ಲೇ ಟೈರಿನ ಮೇಲೆ ಕೂತಳು. ಹದಿನೇಳು ದಿನ ತನ್ನ ಅಂಗಳದಲ್ಲೇ ಬಟ್ಟೆ ಒಗೆದು ಒಣಹಾಕಿದ ಹೆಂಗಸಿನ ಕಾಲನ್ನು ಒಮ್ಮೆಯೂ ನೋಡಿರಲಿಲ್ಲ. ಓಡಿಸುವವಳು ಅವಳಿರಬಹುದೆಂಬ ಯೋಚನೆ, ಬೇರೆ ಯಾರಿಗಲ್ಲದಿದ್ದರೂ, ತನಗಾದರೂ ಬರಬೇಕಿತ್ತು. ಹಲ್ಲು ಕಿರಿದು ಬಾಗಿಲಲ್ಲಿ ನಿಂತವರಿಗೂ ತನಗೂ ಏನು ವ್ಯತ್ಯಾಸ? ಅಷ್ಟು ದಿನ ಸರಳಪ್ಪನ ಮೇಲೆ ಸುರಿದ ತಾತ್ಸಾರವನ್ನು ಒಂದು ಗಳಿಗೆ ತಾನೇ ಕುಡಿಯಬೇಕಾಯಿತು. ರುಚಿ ಕೆಟ್ಟದಾಗಿತ್ತು.

"ಮೊದಲೇ ಯಾಕೆ ಹೇಳ್ಲಿಲ್ಲ ಮಹರಾಯ್ತಿ?"

ಆ ಹೆಂಗಸು ಬನಿಯನ್ನೊಂದನ್ನು ಅಚ್ಚುಕಟ್ಟಾಗಿ ಮಡಚಿಟ್ಟಳು. "ದಿನಾ ಅವರನ್ನ ಬೈತಿದ್ರಲ್ಲಾ ಅಕ್ಕಾ. ಕೇಳೋಕೆ ಚೆನ್ನಾಗಿತ್ತು."

ಹೊಸ ಕ್ಲಚ್ಚು ಕೂತ ಮರುದಿನ ಬೆಳಗ್ಗೆ ಕ್ಲಚ್ಚಮ್ಮ ಮೋಟರ್‌ಹೋಮನ್ನು ಶೆಡ್ಡಿನ ಹಿಂದಿನ ದಿಬ್ಬಕ್ಕೆ ತೆಗೆದುಕೊಂಡು ಹೋಗಿ, ಚಾಲಕನ ಸೀಟಿನಲ್ಲಿ ಅವಳನ್ನು ಕೂರಿಸಿದಳು. ಸರಳಪ್ಪ ಮುಂದಿನ ಬಾಗಿಲಿಗೆ ಕೈ ಹಾಕಿದ.

"ನೀವು ಹಿಂದೆ ಮನೇಲಿ ಕೂತ್ಕೊಳ್ಳಿ ಸ್ವಾಮಿ," ಎಂದಳು. "ಬಾಗಿಲು ಹಾಕ್ಕೊಳ್ಳಿ."

"ಅಲ್ಲಮ್ಮಾ, ಅವಳಿಗೆ ಹೇಳೋಕೆ ಯಾರಾದ್ರೂ..."

"ಹನ್ನೊಂದು ಕಪಾಟಿದೆಯಲ್ಲ, ಯಾವುದರಲ್ಲಾದ್ರೂ ಕೂತ್ಕೊಳ್ಳಿ."

ಹೆಂಡತಿಗೆ ಮಾತ್ರ ದನಿ ಎತ್ತಲಿಲ್ಲ. "ಒತ್ತಿದ್ರೆ ಪೂರ್ತಿ ಒತ್ತು, ಬಿಟ್ರೆ ಪೂರ್ತಿ ಬಿಡು. ಹ್ಯಾಂಡ್‌ಬ್ರೇಕು ಹಿಡಿದಿರುತ್ತೆ, ನೀನು ಹಿಡೀಬೇಕಾಗಿಲ್ಲ. ಹೊರಡೋವಾಗ ಕಾಲು ನಿಧಾನ ಎತ್ತು, ಗಾಡಿ ಮೂತಿ ಸ್ವಲ್ಪ ಎದ್ದ ಹಾಗೆ ಆಗುತ್ತೆ ನೋಡು, ಆಗ ಬ್ರೇಕು ಇಳಿಸು. ಹಿಂದೆ ಹೋದ್ರೆ ಹೋಗ್ಲಿ, ಹಿಂದೆ ಇರೋದು ನಮ್ಮ ಗೋಡೆ ತಾನೇ?" ಮೂರು ಸಲ ಎಂಜಿನ್ ನಿಂತಿತು. ಒಮ್ಮೆ ಗಾಡಿ ಗಕ್ಕನೆ ಹಾರಿ ಒಳಗಿನ ಪಾತ್ರೆಗಳೆಲ್ಲ ಉರುಳಿ, ಅವುಗಳ ನಡುವೆ ಸರಳಪ್ಪನ ಚೀರಾಟವೂ ಕೇಳಿಸಿತು. ಒಂಬತ್ತು ಗಂಟೆಯ ಹೊತ್ತಿಗೆ ಅವಳು ದಿಬ್ಬದ ನಡುವೆ ನಿಲ್ಲಿಸಿ, ಕಾಲು ತೆಗೆದು, ಹಣೆ ಒರೆಸಿಕೊಂಡು, ಮತ್ತೆ ಹೊರಟು ನೆತ್ತಿ ಸೇರಿದಳು. ಯಾವ ವಾಸನೆಯೂ ಬರಲಿಲ್ಲ.

ಲೆಕ್ಕ ಚುಕ್ತಾ ಮಾಡುವಾಗ ತಮ್ಮ "ಒಂದೆರಡು ಸಾವಿರ ಬಿಡೋಣವಾ ಅಕ್ಕಾ?" ಎಂದ. ಅವಳು ಅಂಗಳ ತೊಳೆದದ್ದಕ್ಕೆ ಎರಡು ಸಾವಿರ ಸೇರಿಸಿದಳು. ಎಂಬತ್ತೆಂಟು ಸಾವಿರ. ಸರಳಪ್ಪ ಜೇಬಿನಿಂದ ಕಾರ್ಡು ತೆಗೆದು, ಇತ್ತ ಫೋನು ನೋಡುತ್ತಲೇ, ಅತ್ತ ನಂಬರು ಒತ್ತಿದ. ಹಣ ಅವನ ಹತ್ತಿರ ಮೊದಲ ದಿನದಿಂದಲೂ ಇತ್ತು. ಹತ್ತೊಂಬತ್ತು ದಿನ ಪರರ ಕರೆಂಟು ಉರಿಸಿ, ಪರರ ನೀರು ಸುರಿದು ಅವನು ಕಾದದ್ದು ಯಾವುದಕ್ಕೆಂದು ಕ್ಲಚ್ಚಮ್ಮನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವಷ್ಟು ಬೆಲೆಯ ವಿಷಯವೆಂದೂ ಅನಿಸಲಿಲ್ಲ. ಹೊರಡುವ ಮುನ್ನ ಆತ ಚಾಲಕನ ಸೀಟಿಗೆ ಹತ್ತಿ, ಸ್ಟೇರಿಂಗ್ ಹಿಡಿದು, ಫೋನಿಗೆ "ಗೆಳೆಯರೇ, ಮತ್ತೆ ದಾರಿ ಕರೆದಿದೆ" ಎಂದು ಹೇಳಿ ಇಳಿದ. ಹೆಂಡತಿ ಹತ್ತಿ ಗಾಡಿ ಓಡಿಸಿಕೊಂಡು ಹೋದಳು.

ಎಂಟು ತಿಂಗಳಾದ ಮೇಲೆ ಅವಳ ಫೋನು ಬಂತು. ಸಮುದ್ರದ ಹತ್ತಿರದ ಒಂದು ಊರಿನಲ್ಲಿ ಶಾಲೆಯ ವ್ಯಾನು ಓಡಿಸುವ ಕೆಲಸ ಸಿಕ್ಕಿದೆಯಂತೆ. ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದಾಳಂತೆ.

"ಮತ್ತೆ ನಿನ್ನ ಗಂಡ?"

"ಇಲ್ಲೇ ಕಡಲ ದಂಡೇಲಿ ಗಾಡಿ ಒಳಗೇ ಇದಾರೆ ಅಕ್ಕಾ. ಓಡಿಸೋರಿಲ್ವಲ್ಲ, ಐದು ತಿಂಗಳಿಂದ ನಿಂತಲ್ಲೇ ನಿಂತಿದೆ. ನಿಂತಲ್ಲೇ ನಿಲ್ಲೋದೇ ನಿಜವಾದ ಪ್ರಯಾಣ ಅಂತ ವಿಡಿಯೋ ಮಾಡ್ತಿದಾರೆ. ಈಗ ಒಂಬತ್ತು ಸಾವಿರ ಜನ ನೋಡ್ತಾರಂತೆ."

"ಒಂಬತ್ತು ಸಾವಿರ!" ಎಂದಳು ಕ್ಲಚ್ಚಮ್ಮ. ಮನುಷ್ಯಕುಲದ ಬಗ್ಗೆ ಅವಳಿಗಿದ್ದ ಅಭಿಪ್ರಾಯ ಇನ್ನೂ ಒಂದು ಮೆಟ್ಟಿಲು ಇಳಿಯಿತು. "ವ್ಯಾನು ಹೇಗಿದೆ?"

"ಮೂರನೇ ಗೇರಿಗೆ ಬೀಳೋವಾಗ ಸ್ವಲ್ಪ ಕಿರ್ ಅನ್ನುತ್ತೆ. ಇಲ್ಲೊಂದು ಗ್ಯಾರೇಜಿದೆ, ತೋರಿಸ್ಲಾ?"

"ತೋರಿಸು. ಆದ್ರೆ ಬಿಚ್ಚೋವಾಗ ಪಕ್ಕದಲ್ಲೇ ನಿಂತ್ಕೋ. ಒಬ್ಬನಿಗೂ ಏನೂ ಗೊತ್ತಿರಲ್ಲ."