ಮಗಳ ಹುಬ್ಬಿನ ರಿಂಗು

ನಾನು ಹುಟ್ಟಾ ಪುಕ್ಕಲ. ಹಾವು, ಸಿಡಿಲು, ಹಲ್ಲಿನ ಡಾಕ್ಟರು, ಎಲ್ಲಕ್ಕೂ ಹೆದರುತ್ತೇನೆ. ಆದರೂ ಮಗಳು ಗೋವಾದಿಂದ ಬಂದು ಕುಮಟಾ ಸ್ಟೇಷನ್ನಿನಲ್ಲಿ ಇಳಿದ ದಿನ ಹೆದರಿದಷ್ಟು ಎಂದೂ ಹೆದರಿದವನಲ್ಲ. ಅವಳ ಎಡ ಹುಬ್ಬಿನಲ್ಲಿ ಪುಟ್ಟದೊಂದು ರಿಂಗು ಮಿನುಗುತ್ತಿತ್ತು. ಮರುದಿನವೇ ಹೊನ್ನಾವರದಿಂದ ಹುಡುಗನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು.

ಚುಚ್ಚುವುದು ನಮಗೇನು ಹೊಸದೇ? ಕೂಸಿನ ಕಿವಿ ಚುಚ್ಚಿಸಿ, ಅದು ಕಿರುಚುತ್ತಿರುವಾಗಲೇ ಪಾಯಸ ಉಣ್ಣುವ ಜನ ನಾವು. ನನಗಿಂತ ಮೊದಲು ಹುಟ್ಟಿದವರು ಉಳಿಯಲಿಲ್ಲವೆಂದು ಆಯಿ ಹರಕೆ ಹೊತ್ತು ನನ್ನ ಮೂಗನ್ನೇ ಚುಚ್ಚಿಸಿದ್ದಳು. ಯಮನಿಗೆ ನಾನು ಗಂಡುಮಗು ಎಂದು ಗೊತ್ತಾಗಬಾರದಂತೆ. ಗೊತ್ತಾಗಲಿಲ್ಲವೆಂದು ಕಾಣುತ್ತದೆ, ಇನ್ನೂ ಇದ್ದೇನೆ.

ಪಕ್ಕದ ಮನೆಯ ಹುಡುಗಿ ಮಂಗಳೂರಿಗೆ ಹೋಗಿ ಮೂಗಿನ ಮೂಳೆ ಕೆತ್ತಿಸಿ ನೇರ ಮಾಡಿಸಿಕೊಂಡು ಬಂದಾಗ, ಕೇರಿಯವರೆಲ್ಲ ಹಣ್ಣು ಹಿಡಿದು ಹೋಗಿ ನೋಡಿಬಂದರು. ಎಂಥ ಧೈರ್ಯ ಎಂದು ಹೊಗಳಿದರು. ಮೂಳೆ ಕೆತ್ತಿಸಿದರೆ ಧೈರ್ಯ, ಹುಬ್ಬು ಚುಚ್ಚಿಸಿದರೆ ಮರ್ಯಾದೆಗೇಡು! ಈ ನ್ಯಾಯ ನನಗೂ ಹಿಡಿಸದು. ಆದರೆ ಹಿಡಿಸದ ಮಾತ್ರಕ್ಕೆ ಹೆದರಿಕೆ ನಿಲ್ಲಬೇಕಲ್ಲ? ಸಂಬಂಧ ತಪ್ಪಿಹೋದರೆ ಊರು ಏನೆಲ್ಲ ಕಥೆ ಕಟ್ಟೀತು ಎಂದು ನೆನೆದೇ ಬೆವರಿದೆ.

"ನಾಳೆ ಒಂದಿನ ತೆಗೆದಿಡು ತಂಗಿ," ಎಂದು ಮಗಳನ್ನು ಬೇಡಿಕೊಂಡೆ.

"ನಾಡಿದ್ದು ಮತ್ತೆ ಹಾಕ್ಯಂಡ್ರೆ ಅವ್ಕೆ ಮೋಸ ಮಾಡ್ದಾಂಗೆ ಆಗ್ತಿಲ್ಯ ಅಪ್ಪ?" ಎಂದಳು.

ಮರುದಿನ ಹುಡುಗನ ಕಡೆಯವರು ಬಂದರು. ಅವಲಕ್ಕಿ ತಟ್ಟೆ ಹಿಡಿದ ಮಗಳನ್ನು ಹುಡುಗನ ತಾಯಿ ದಿಟ್ಟಿಸಿ ನೋಡಿ, "ಇದೆಂತ, ಹರಕೆಯಾ?" ಎಂದು ಕೇಳಿದರು. ಮುಳುಗುವವನಿಗೆ ಹಗ್ಗ ಸಿಕ್ಕಂತಾಗಿ, "ಹೌದು, ಹರಕೆ!" ಎಂದುಬಿಟ್ಟೆ. ಆಕೆ ಭಕ್ತಿಯಿಂದ ಮಗಳ ಹುಬ್ಬಿಗೇ ಕೈಮುಗಿದರು.

"ಹರಕೆ ಅಲ್ಲ ಅತ್ತೆ," ಎಂದಳು ಮಗಳು. "ಚೆಂದ ಕಾಣ್ತು ಹೇಳಿ ಹಾಕ್ಸಿದ್ದು."

ಗಡಿಯಾರದ ಸದ್ದೂ ನನಗೆ ಬೈದಂತೆ ಕೇಳಿಸಿತು. ಎಲ್ಲ ಮುಗಿಯಿತು ಎಂದುಕೊಂಡೆ.

ಆಕೆ ಮಗನ ಕಡೆ ನೋಡಿದರು. ಮಗ ನೆಲ ನೋಡಿದ. "ನಮ್ಮ ಮಾಣಿದೂ ಒಂದು ವಿಷಯ ಇದ್ದು," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಮುಂದಿನ ಕೂದ್ಲು ಮುಂಬೈಲಿ ನೆಡ್ಸಿದ್ದು. ಹೇಳುಲೆ ಹೆದ್ರಿಕೆ ಆಗಿತ್ತು."

ಮಗಳು ತಟ್ಟೆ ಕೆಳಗಿಟ್ಟಳು. ಹುಡುಗನ ಎದುರು ಕುಳಿತು, ಅವನ ಹಣೆಯ ಅಂಚನ್ನು ಸಾವಕಾಶವಾಗಿ ನೋಡತೊಡಗಿದಳು. ಒಪ್ಪುತ್ತಾಳೋ ಇಲ್ಲವೋ ಎಂದು ಆ ತಾಯಿ ಸೆರಗು ಹಿಂಡುತ್ತಿದ್ದರು. ಆ ಹೆದರಿಕೆಯ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಎದ್ದುಹೋಗಿ ಅವರಿಗೊಂದು ಲೋಟ ನೀರು ತಂದುಕೊಟ್ಟೆ.